ಮುದ್ದಾಪುರದಿಂದ ಫುಜೈರಾವರೆಗೆ: ತಾಂತ್ರಿಕ ಸಹಯೋಗ ಮತ್ತು ಜಂಟಿ ಉದ್ಯಮ

ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಮುದ್ದಾಪುರದಲ್ಲಿ ಜೆ.ಕೆ. ಸಿಮೆಂಟ್ ಕಾರ್ಖಾನೆ 2009ರಲ್ಲಿ ಆರಂಭವಾಯಿತು. ಆರಂಭದ ವಾರ್ಷಿಕ ಸಾಮರ್ಥ್ಯ 30 ಲಕ್ಷ ಟನ್. ಇಲ್ಲಿಗೆ ಕಾರ್ಖಾನೆ ಬರಲು ಕಾರಣ ಈ ಭಾಗದ ಸುಣ್ಣದ ಕಲ್ಲು.

ಈ ಕಂಪನಿ ಹೊರದೇಶಕ್ಕೆ ಬೆಳೆದ ದಾರಿಯನ್ನು ಪರೀಕ್ಷೆಯ ಅಭ್ಯರ್ಥಿಗಳು ಚೆನ್ನಾಗಿ ಗಮನಿಸಬೇಕು. 1984ರಲ್ಲಿ ರಾಜಸ್ಥಾನದ ಗೋಟನ್‌ನಲ್ಲಿ ಬಿಳಿ ಸಿಮೆಂಟ್ ಘಟಕ ಕಟ್ಟುವಾಗ ಡೆನ್ಮಾರ್ಕ್‌ನ ಎಫ್.ಎಲ್. ಸ್ಮಿತ್ ಸಂಸ್ಥೆಯ ತಾಂತ್ರಿಕ ಪರಿಣತಿ ಪಡೆಯಿತು. ಬಿಳಿ ಸಿಮೆಂಟ್ ಸುಲಭದ ಕೆಲಸವಲ್ಲ. ಕಚ್ಚಾವಸ್ತುವಿನಲ್ಲಿ ಕಬ್ಬಿಣದ ಅಂಶ ತೀರಾ ಕಡಿಮೆ ಇರಬೇಕು, ಇಲ್ಲವಾದರೆ ಬಣ್ಣ ಕೆಡುತ್ತದೆ. 30 ವರ್ಷಗಳ ಬಳಿಕ, 2014ರಲ್ಲಿ, ಅದೇ ಕಂಪನಿ ಯುಎಇಯ ಫುಜೈರಾದಲ್ಲಿ ಬಿಳಿ ಸಿಮೆಂಟ್ ಘಟಕ ತೆರೆಯಿತು. ಅದರಲ್ಲಿ ಅಲ್ಲಿನ ಸರ್ಕಾರಕ್ಕೂ ಪಾಲು ನೀಡಲಾಯಿತು. ಕಲಿತು ಬಂದ ವಿದ್ಯೆ ಕಲಿಸುವ ಹಂತಕ್ಕೇರಿತು.

ಗೋಟನ್‌ನದು ತಾಂತ್ರಿಕ ಸಹಯೋಗ, ಫುಜೈರಾದ್ದು ಜಂಟಿ ಉದ್ಯಮ. ವ್ಯತ್ಯಾಸ ನೆನಪಿಡಿ: ತಾಂತ್ರಿಕ ಸಹಯೋಗದಲ್ಲಿ ಜ್ಞಾನ ಮಾತ್ರ ಕೈ ಬದಲಾಗುತ್ತದೆ, ಹೊಸ ಕಂಪನಿ ಹುಟ್ಟಬೇಕಿಲ್ಲ. ಜಂಟಿ ಉದ್ಯಮದಲ್ಲಿ ಬಂಡವಾಳ, ಲಾಭ, ನಷ್ಟ ಮೂರೂ ಹಂಚಿಕೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ (1997) ಇದಕ್ಕೆ ಒಳ್ಳೆಯ ಉದಾಹರಣೆ. ಜಮಖಂಡಿ, ಬೀಳಗಿ, ರಬಕವಿ-ಬನಹಟ್ಟಿಯ ಅಭ್ಯರ್ಥಿಗಳು ನೆರೆಯ ಮುದ್ದಾಪುರದ ಕಂಪನಿಯ ಫುಜೈರಾ ಘಟಕವನ್ನೂ ಧೈರ್ಯವಾಗಿ ಬರೆಯಬಹುದು.