ನವಿಲುತೀರ್ಥಕ್ಕೆ 27 ಮೈಲಿ: ಕಾಕ್‌ಪಿಟ್ ಜಿಪಿಎಸ್ ಕಲಿಯುವವರಿಗೆ ಸೂತ್ರಗಳು

2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಪೈಲಟ್ ತರಬೇತಿ ಶಾಲೆಗಳಿಗೆಂದು ಆರಿಸಿದ ಐದು ನಿಲ್ದಾಣಗಳಲ್ಲಿ ಎರಡು ನಮ್ಮ ಕರ್ನಾಟಕದವು: ಬೆಳಗಾವಿ ಮತ್ತು ಕಲಬುರಗಿ. ಕಿತ್ತೂರು, ಸವದತ್ತಿ, ರಾಮದುರ್ಗದ ಹುಡುಗ ಹುಡುಗಿಯರಿಗೆ ಈಗ ಹಾರಾಟದ ಪಾಠ ಮನೆಯಂಗಳಕ್ಕೇ ಬಂದಂತಾಗಿದೆ. ಬೆಳಗಾವಿಯ ನಿಲ್ದಾಣವಿರುವ ಸಾಂಬ್ರಾದಿಂದ ಎದ್ದು ನೇರ ಪೂರ್ವಕ್ಕೆ ಹೊರಟರೆ ಬೈಲಹೊಂಗಲ ದಾಟಿ ನವಿಲುತೀರ್ಥದ ಅಣೆಕಟ್ಟು ಸುಮಾರು 27 ನಾಟಿಕಲ್ ಮೈಲಿ, ಅಂದರೆ 50 ಕಿಲೋಮೀಟರ್. ಈ ದಾರಿಯನ್ನೇ ಉದಾಹರಣೆಗೆ ಇಟ್ಟುಕೊಂಡು, ಕಾಕ್‌ಪಿಟ್ಟಿನ ಜಿಪಿಎಸ್ ನಕ್ಷೆಯನ್ನು ಪಳಗಿಸಿಕೊಳ್ಳುವ ಬಗೆ ಹೇಳುತ್ತೇನೆ.

1. ಗುಂಡಿಗಳನ್ನು ನೆಲದ ಮೇಲೆ ಕಲಿಯಿರಿ. ಗಾರ್ಮಿನ್ 430ರಂಥ ಯಂತ್ರದ ಬಲಮೂಲೆಯಲ್ಲಿ ಒಂದರೊಳಗೊಂದು ಕೂತ ಎರಡು ತಿರುಗುಗುಂಡಿಗಳಿರುತ್ತವೆ. ಒಳಗಿನದನ್ನು ಒತ್ತಿದರೆ ಕರ್ಸರ್ ಮೂಡುತ್ತದೆ. ಹೊರಗಿನದು ಮನೆಯಿಂದ ಮನೆಗೆ ಸರಿಸುತ್ತದೆ, ಒಳಗಿನದು ಅಕ್ಷರ ಬದಲಿಸುತ್ತದೆ. ಸಾಂಬ್ರಾದ ಸಂಕೇತ ‘ವಿಒಬಿಎಂ’ ಎಂಬ ನಾಲ್ಕೇ ಅಕ್ಷರ. ಕೈಗೆ ರೂಢಿಯಿಲ್ಲದಿದ್ದರೆ ಅದನ್ನು ತುಂಬಲು ಅರ್ಧ ನಿಮಿಷ ಬೇಕು. 90 ನಾಟ್ ವೇಗದಲ್ಲಿ ಅರ್ಧ ನಿಮಿಷವೆಂದರೆ ಕಿಟಕಿಯಾಚೆ ನೋಡದೆ ಹೋದ 1.4 ಕಿಲೋಮೀಟರ್. ತಲೆ ತಗ್ಗಿಸಿ ಗುಂಡಿ ತಿರುವುವಾಗ ಇನ್ನೊಂದು ಕೈ ಅರಿವಿಲ್ಲದೇ ಕಂಟ್ರೋಲನ್ನು ಒಂದು ಬದಿಗೆ ಎಳೆಯುತ್ತದೆ; ತಲೆಯೆತ್ತಿದಾಗ ರೆಕ್ಕೆ ವಾಲಿರುತ್ತದೆ, ಎತ್ತರ ಇಳಿದಿರುತ್ತದೆ. ಹ್ಯಾಂಗರಿನಲ್ಲಿ ಕೂತು ನೂರು ಸಲ ತಿರುವಿರಿ.

2. ಆನ್ ಮಾಡಿದೊಡನೆ ಡೇಟಾಬೇಸಿನ ತಾರೀಖು ನೋಡಿ. ಅದು 28 ದಿನಕ್ಕೊಮ್ಮೆ ಹೊಸದಾಗುತ್ತದೆ. ಶಿವಮೊಗ್ಗ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ. ವರ್ಷಗಟ್ಟಲೆ ಹಳೆಯ ಡೇಟಾಬೇಸಿಗೆ ಅದು ಗೊತ್ತೇ ಇರುವುದಿಲ್ಲ.

3. ಅಕ್ಷಾಂಶ ರೇಖಾಂಶ ತುಂಬುವಾಗ ಎರಡು ಸಲ ನೋಡಿ. ನಿಲ್ದಾಣವಲ್ಲದ ಜಾಗವನ್ನು ನಾವೇ ವೇಪಾಯಿಂಟ್ ಮಾಡಿ ಸೇರಿಸಬೇಕು. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಮೊಬೈಲಿನಲ್ಲಿ ನವಿಲುತೀರ್ಥದ ರೇಖಾಂಶ 75.10 ಎಂದು ಕಾಣುತ್ತದೆ. ಅದು ದಶಾಂಶ. ವಿಮಾನದ ಯಂತ್ರ ಕೇಳುವುದು ಡಿಗ್ರಿ ಮತ್ತು ಮಿನಿಟು. 0.10 ಡಿಗ್ರಿಯೆಂದರೆ 6 ಮಿನಿಟು; ಹಾಗಾಗಿ ಬರೆಯಬೇಕಾದದ್ದು 75 ಡಿಗ್ರಿ 06 ಮಿನಿಟು. 75 ಡಿಗ್ರಿ 10 ಮಿನಿಟು ಎಂದು ತುಂಬಿದಿರೋ, ಯಂತ್ರ ತಕರಾರಿಲ್ಲದೆ ಒಪ್ಪಿಕೊಂಡು ಅಣೆಕಟ್ಟು ದಾಟಿಸಿ ಏಳು ಕಿಲೋಮೀಟರ್ ಪೂರ್ವಕ್ಕೆ ಒಯ್ಯುತ್ತದೆ. ತುಂಬಿದ ಮೇಲೆ ದೂರ, ದಿಕ್ಕು ಎರಡನ್ನೂ ಕಾಗದದ ನಕ್ಷೆಯ ಮೇಲೆ ಸ್ಕೇಲಿಟ್ಟು ತಾಳೆ ನೋಡಿ. 27 ಬರಬೇಕಾದಲ್ಲಿ 31 ಬಂದರೆ ತಪ್ಪು ಅಲ್ಲೇ ಸಿಕ್ಕಿತು.

4. ‘ಡೈರೆಕ್ಟ್ ಟು’ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ. ಒತ್ತಿದಾಗಲೆಲ್ಲ ನೀವಿರುವಲ್ಲಿಂದ ಹೊಸ ಗೆರೆ ಎಳೆಯುತ್ತದೆ, ಸರಿದುಹೋದ ತಪ್ಪನ್ನು ಮುಚ್ಚಿಬಿಡುತ್ತದೆ. ಮೊದಲ ಗೆರೆಗೇ ಮರಳಲು ಕಲಿಯಿರಿ.

5. ಟ್ರ್ಯಾಕ್ ಮತ್ತು ಬೇರಿಂಗ್ ಜೋಡಿಸಿ. ಇಡೀ ಪರದೆಯಲ್ಲಿ ನನಗೆ ಅತಿ ಪ್ರಿಯವಾದವು ಈ ಎರಡು ಅಂಕಿ. ಬೇರಿಂಗ್ ಅಂದರೆ ಊರಿರುವ ದಿಕ್ಕು. ಟ್ರ್ಯಾಕ್ ಅಂದರೆ ವಿಮಾನ ನೆಲದ ಮೇಲೆ ನಿಜಕ್ಕೂ ಸಾಗುತ್ತಿರುವ ದಿಕ್ಕು. ಎರಡೂ ಒಂದಾಗುವಂತೆ ಮೂಗು ತಿರುಗಿಸಿದರೆ ಗಾಳಿಯ ಲೆಕ್ಕ ತಾನೇ ಮುಗಿಯಿತು. ನವಿಲುತೀರ್ಥದಿಂದ ತೆಂಕಣ ಹುಬ್ಬಳ್ಳಿಗೆ ಹೊರಟಿದ್ದೀರಿ, ಪಡುವಣದಿಂದ 25 ನಾಟ್ ಗಾಳಿ ಬೀಸುತ್ತಿದೆ ಎನ್ನಿ. 90 ನಾಟಿನ ವಿಮಾನದ ಮೂಗು ಸುಮಾರು 16 ಡಿಗ್ರಿ ಬಲಕ್ಕಿರಬೇಕು. ಹೊಸಬರು ಹೆದರಿ ಮೂಗನ್ನು ಊರಿನತ್ತಲೇ ತಿರುಗಿಸುತ್ತಾರೆ. ಗಾಳಿ ಅವರನ್ನು ಪೂರ್ವಕ್ಕೆ ತಳ್ಳುತ್ತಲೇ ಹೋಗುತ್ತದೆ.

6. ಗೆರೆಯಿಂದ ಎಷ್ಟು ಸರಿದಿರಿ ಎಂದು ತೋರಿಸುವ ಸೂಜಿಯ ಅಳತೆ ಬದಲಾಗುತ್ತದೆ. ದಾರಿಯಲ್ಲಿ ಸೂಜಿ ಪೂರ್ತಿ ಬದಿಗೆ ಸರಿದರೆ ಹಳೆಯ ಯಂತ್ರಗಳಲ್ಲಿ 5 ನಾಟಿಕಲ್ ಮೈಲಿ ತಪ್ಪಿದಂತೆ, ಹೊಸವುಗಳಲ್ಲಿ 2. ನಿಲ್ದಾಣದ ಹತ್ತಿರ 1. ಇಳಿಯುವ ಹಾದಿಯಲ್ಲಿ 0.3.

7. ಪರದೆಯ ನೀಲಿಯನ್ನು ನಂಬಿ ಕೆರೆ ಹುಡುಕಬೇಡಿ. ನಕ್ಷೆಯಲ್ಲಿ ನವಿಲುತೀರ್ಥದ ಜಲಾಶಯವಾದ ರೇಣುಕಾಸಾಗರಕ್ಕೆ ವರ್ಷವಿಡೀ ಒಂದೇ ಅಂಚು. ಮುಂಗಾರು ತುಂಬಿ 2079.50 ಅಡಿ ಮುಟ್ಟಿದ ಜಲಾಶಯ ಬೇರೆ, ಬೇಸಿಗೆಯಲ್ಲಿ ಬಿರಿದ ಮಣ್ಣಿನ ನಡುವೆ ಉಳಿದ ಮಲಪ್ರಭೆ ಬೇರೆ. ಬದಲಾಗದ ಗುರುತು ಗುಡ್ಡ ಸೀಳಿದ ಕಣಿವೆ ಮತ್ತು ಅದಕ್ಕೆ ಅಡ್ಡ ನಿಂತ ಅಣೆಕಟ್ಟು. ಸವದತ್ತಿ ಸುತ್ತಿನ ಗುಡ್ಡಗಳ ಗಾಳಿಯಂತ್ರಗಳೆಲ್ಲ ಪರದೆಯಲ್ಲಿ ಇದ್ದೇ ಇರುತ್ತವೆ ಎಂದುಕೊಳ್ಳಬೇಡಿ, ಕಣ್ಣಿನಿಂದ ನೋಡಿ.

8. ಉಪಗ್ರಹದ ಎಚ್ಚರಿಕೆಯನ್ನು ಅಳಿಸುವ ಮೊದಲು ಓದಿ. ಸ್ಥಾನ, ಎತ್ತರ ಎರಡೂ ತಿಳಿಯಲು ನಾಲ್ಕು ಉಪಗ್ರಹ ಸಾಕು. ಅದರಲ್ಲೊಂದು ಸುಳ್ಳು ಹೇಳುತ್ತಿದೆಯೇ ಎಂದು ಪತ್ತೆಹಚ್ಚಲು ಐದು ಬೇಕು. ಇದಕ್ಕೆ ಬೆಂಬಲವಾಗಿ ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಕಟ್ಟಿದ ‘ಗಗನ್’ ವ್ಯವಸ್ಥೆಯ ನಿಯಂತ್ರಣ ಕೇಂದ್ರ ನಮ್ಮ ಬೆಂಗಳೂರಿನ ಕುಂದಲಹಳ್ಳಿಯಲ್ಲಿದೆ. 2022ರ ಏಪ್ರಿಲ್ 28ರಂದು ರಾಜಸ್ಥಾನದ ಕಿಶನ್‌ಗಢದಲ್ಲಿ ಇಂಡಿಗೋದ ಎಟಿಆರ್ ವಿಮಾನ ಅದರ ನೆರವಿನಿಂದ ಇಳಿದಾಗ ಹೆಮ್ಮೆಯೆನಿಸಿತ್ತು. ಆದರೆ ಗಗನ್ ಸಂಕೇತ ಹಿಡಿಯುವ ರಿಸೀವರ್ ನಿಮ್ಮ ವಿಮಾನದಲ್ಲಿರಬೇಕು, ಕೇಳಿ ತಿಳಿದುಕೊಳ್ಳಿ.

9. ಹತ್ತಿರದ ನಿಲ್ದಾಣಗಳನ್ನು ತೋರಿಸುವ ‘ನಿಯರೆಸ್ಟ್’ ಪಟ್ಟಿಯನ್ನು ಗಾಳಿಯ ಜೊತೆ ಓದಿ. ನವಿಲುತೀರ್ಥದ ಮೇಲೆ ಹಾರುತ್ತಾ ನೋಡಿದರೆ ಸಾಂಬ್ರಾ, ಹುಬ್ಬಳ್ಳಿ ಎರಡೂ ಹೆಚ್ಚುಕಡಿಮೆ ಒಂದೇ ದೂರ. ಪಟ್ಟಿಯಲ್ಲಿ ಸಾಂಬ್ರಾ ಒಂದು ಕೂದಲೆಳೆ ಮೇಲಿರಬಹುದು. ಆದರೆ ಅದೇ 25 ನಾಟಿನ ಪಡುವಣ ಗಾಳಿಗೆ ಎದುರಾಗಿ ಸಾಂಬ್ರಾಕ್ಕೆ 25 ನಿಮಿಷ, ಹುಬ್ಬಳ್ಳಿಗೆ 19. ಯಂತ್ರ ದೂರ ನೋಡಿ ಸಾಲು ಹಚ್ಚುತ್ತದೆ. ಎಣ್ಣೆಯ ಮುಳ್ಳು ಕೆಳಗಿಳಿದಿರುವಾಗ ನಿಮಗೆ ಬೇಕಾದದ್ದು ಆ ಆರು ನಿಮಿಷ. ಹೊರಡುವ ಮುನ್ನ ಇದನ್ನು ಮೊಣಕಾಲ ಪ್ಯಾಡಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ.