ಆಟದ ಪಾತ್ರವೂ ಲಿಂಗತ್ವದ ಗುರುತೂ

ಇವತ್ತಿನ ಕಂತು ವಯಸ್ಕರಿಗೆ ಮಾತ್ರ. ಪಕ್ಕದಲ್ಲಿ ಮಕ್ಕಳಿದ್ರೆ ಇಯರ್‌ಫೋನ್ ಹಾಕ್ಕೊಳ್ಳಿ.

ಸಂಗಾತಿ ಜೊತೆಗಿನ ಬಿಡಿಎಸ್‌ಎಂ ಆಟದಲ್ಲಿ ಒಬ್ಬ ಗಂಡಸು ಹೆಣ್ಣಿನ ಪಾತ್ರ ತಗೋತಾರೆ, ಅದರಲ್ಲಿ ಅವರಿಗೆ ನೆಮ್ಮದಿ ಸಿಗುತ್ತೆ ಅಂದ್ಕೊಳ್ಳಿ. ಹಾಗಾದ್ರೆ ಅವರು ಟ್ರಾನ್ಸ್ ವ್ಯಕ್ತಿನಾ? ಯಾರ ಹತ್ತಿರವೂ ಬಾಯಿಬಿಟ್ಟು ಕೇಳಲಾಗದ ಪ್ರಶ್ನೆ ಇದು.

ಬಿಡಿಎಸ್‌ಎಂ ಅಂದ್ರೆ ಕಟ್ಟುವುದು, ಆಳುವುದು, ಶರಣಾಗುವುದು, ನೋವು ಕೊಡುವುದು, ಪಡೆಯುವುದು. ಎಲ್ಲವೂ ಮೊದಲೇ ಮಾತಾಡಿಕೊಂಡು, ಇಬ್ಬರ ಒಪ್ಪಿಗೆಯ ಮೇಲೆ. ಲಿಂಗತ್ವದ ಗುರುತು ಅಂದ್ರೆ ತಾನು ಗಂಡೋ, ಹೆಣ್ಣೋ, ಎರಡೂ ಅಲ್ಲವೋ ಅನ್ನುವ ಒಳಗಿನ ಅರಿವು. ಮೊದಲನೆಯದು ಮಾಡುವಂಥದ್ದು, ಎರಡನೆಯದು ಇರುವಂಥದ್ದು. ಆಳುವವರೆಲ್ಲ ಗಂಡಸರು, ಶರಣಾಗುವವರೆಲ್ಲ ಹೆಂಗಸರು ಅನ್ನೋದೂ ಸುಳ್ಳು.

ವೈದ್ಯಶಾಸ್ತ್ರ ಬಹಳ ಕಾಲ ಇವೆರಡನ್ನೂ ಅಕ್ಕಪಕ್ಕದ ಗೂಡಲ್ಲಿಟ್ಟಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 10ನೇ ಆವೃತ್ತಿಯಲ್ಲಿ ಲಿಂಗತ್ವದ ಗುರುತು ಎಫ್64, ಸ್ಯಾಡೋಮ್ಯಾಸೊಕಿಸಂ ಎಫ್65. ಎರಡೂ ಮಾನಸಿಕ ಕಾಯಿಲೆಗಳ ಅಧ್ಯಾಯದಲ್ಲೇ. ಹೆಣ್ಣುಡುಗೆ ತೊಟ್ಟ ಗಂಡಸಿಗೆ ಉದ್ರೇಕ ಆಗುತ್ತೆ ಅಂದ್ರೆ ಒಂದು ಗೂಡು, ಇಲ್ಲಾಂದ್ರೆ ಇನ್ನೊಂದು. ಇದರ ಬೆಲೆ ತೆತ್ತವರು ಟ್ರಾನ್ಸ್ ಜನ. ಆಸೆಗಳನ್ನ ಹೇಳಿಕೊಂಡ್ರೆ 'ಇದು ಬರೀ ಕಾಮದ ಗೀಳು' ಅಂತ ಹಾರ್ಮೋನ್ ಚಿಕಿತ್ಸೆ ನಿರಾಕರಿಸಬಹುದು ಅನ್ನೋ ಭಯಕ್ಕೆ ಎಷ್ಟೋ ಮಂದಿ ವೈದ್ಯರ ಮುಂದೆ ಬಾಯಿ ಮುಚ್ಚಿಕೊಂಡರು. ಜೀವಿಗಳನ್ನ ವರ್ಗೀಕರಿಸೋದು ನಮ್ಮ ಕಸುಬು ಕೂಡ. ಗೂಡು ತಪ್ಪಿದ್ರೆ ಜೀರುಂಡೆಗೆ ಏನೂ ಆಗಲ್ಲ, ಮನುಷ್ಯರಿಗೆ ಆಗುತ್ತೆ.

2022ರಲ್ಲಿ ಜಾರಿಗೆ ಬಂದ 11ನೇ ಆವೃತ್ತಿ ಒಪ್ಪಿಗೆಯ ಸ್ಯಾಡೋಮ್ಯಾಸೊಕಿಸಂ ಅನ್ನು ಪಟ್ಟಿಯಿಂದ ತೆಗೆಯಿತು. ಒಪ್ಪದವರ ಮೇಲಿನ ಹಿಂಸೆಯ ಪ್ರವೃತ್ತಿ ಮಾತ್ರ ಉಳಿಯಿತು. ಲಿಂಗತ್ವದ ವಿಷಯ ಲೈಂಗಿಕ ಆರೋಗ್ಯದ ಅಧ್ಯಾಯಕ್ಕೆ ಹೋಯಿತು.

ಹಾಗಂತ ಇವೆರಡಕ್ಕೂ ಸಂಬಂಧವೇ ಇಲ್ಲ ಅಂತಲ್ಲ. ಜರ್ಮನಿಯ ಸಂಶೋಧಕ ರಾಬಿನ್ ಬಾವರ್ ಕ್ವಿಯರ್ ಬಿಡಿಎಸ್‌ಎಂ ಬಳಗದವರನ್ನ ಸಂದರ್ಶಿಸಿ 2014ರಲ್ಲಿ ಪುಸ್ತಕ ತಂದರು. ಬೇರೆ ಲಿಂಗತ್ವವನ್ನ ಸುರಕ್ಷಿತವಾಗಿ ತೊಟ್ಟು ನೋಡೋಕೆ ಈ ಆಟ ಜಾಗ ಕೊಡುತ್ತೆ ಅನ್ನೋದು ಅವರ ವಾದದ ಒಂದು ಎಳೆ. ಕೆಲವರಿಗೆ ಆಟ ಮುಗಿದಾಗ ಪಾತ್ರವೂ ಮುಗಿಯುತ್ತೆ. ಕೆಲವರಿಗೆ ಅಲ್ಲೇ ಮೊದಲ ಸಲ ತಮ್ಮ ಗುರುತು ಸಿಗುತ್ತೆ.

ಯಾವುದು ಯಾರಿಗೆ ಅಂತ ಹೇಳೋ ರಕ್ತಪರೀಕ್ಷೆಯಾಗಲಿ, ಮೆದುಳಿನ ಸ್ಕ್ಯಾನ್ ಆಗಲಿ ಇಲ್ಲ. ಅವರು ಕೇಳಿಕೊಳ್ಳಬೇಕಾದ್ದು ಇಷ್ಟೇ: ಸೋಮವಾರ ಬೆಳಿಗ್ಗೆ ಆಫೀಸಲ್ಲಿ, ಅಮ್ಮನ ಜೊತೆ ಫೋನಲ್ಲಿ, ಜನ ನನ್ನನ್ನ ಏನಂತ ಕರೆದ್ರೆ ನನಗೆ ಸರಿ ಅನ್ನಿಸುತ್ತೆ? ಉತ್ತರಕ್ಕೆ ಅವಸರ ಇಲ್ಲ.