ಆರೋಪಪಟ್ಟಿ ಇಲ್ಲದ ಸೆರೆ: ರಿಟ್ ವಕೀಲಿಕೆ ಕಲಿಸಿದ ಪಾಠಗಳು

ಮುನ್ನೆಚ್ಚರಿಕೆ ಬಂಧನದ ಕೇಸು ಹಿಡಿದ ವಕೀಲನಿಗೆ ತನ್ನ ಕಕ್ಷಿದಾರ ನಿರಪರಾಧಿ ಎಂದು ವಾದಿಸುವ ಜಾಗವೇ ಇರುವುದಿಲ್ಲ. ಅಪರಾಧ ನಡೆದಿದೆ ಎಂದು ಸರ್ಕಾರವೂ ಹೇಳುತ್ತಿರುವುದಿಲ್ಲ. ಮುಂದೆ ನಡೆಯಬಹುದು ಎಂಬ ಗುಮಾನಿ ಅಧಿಕಾರಿಯ ಮನಸ್ಸಿಗೆ ಬಂದಿದೆ, ಅಷ್ಟೆ. ಆ ಗುಮಾನಿ ಸರಿಯೋ ತಪ್ಪೋ ಎಂದು ನ್ಯಾಯಾಲಯ ಅಳೆಯಲು ಹೋಗುವುದಿಲ್ಲ. ಹಾಗಾಗಿ ಈ ಕಾನೂನಿನಲ್ಲಿ ಮನುಷ್ಯನ ಸ್ವಾತಂತ್ರ್ಯ ಉಳಿಯುವುದು ದಿನಾಂಕ, ದಾಖಲೆ, ಭಾಷೆ ಎಂಬ ಸಣ್ಣ ಸಂಗತಿಗಳಲ್ಲಿ. ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ನಡೆಸುತ್ತಾ ಕಲಿತದ್ದನ್ನು ಕಿರಿಯ ವಕೀಲರಿಗಾಗಿ ಬರೆಯುತ್ತಿದ್ದೇನೆ.

1. ಮೊದಲು ತಾರೀಖು ಕೇಳಿ

ಮನೆಯವರು ಬಂದವರೇ "ನಮ್ಮ ಹುಡುಗ ಅಂಥವನಲ್ಲ ಸಾರ್" ಎಂದು ಶುರು ಮಾಡುತ್ತಾರೆ. ಅದನ್ನು ತಾಳ್ಮೆಯಿಂದ ಕೇಳಬೇಕು. ಆದರೆ ಕೈಯಲ್ಲಿ ಪೆನ್ನು ಹಿಡಿದು ಬರೆದುಕೊಳ್ಳಬೇಕಾದದ್ದು ಆದೇಶದ ದಿನ, ಬಂಧಿಸಿದ ದಿನ, ಕಾಗದ ಕೈಗೆ ಸಿಕ್ಕ ದಿನ. 1980ರ ರಾಷ್ಟ್ರೀಯ ಭದ್ರತಾ ಕಾಯ್ದೆಯಡಿ ಬಂಧನದ ಕಾರಣಗಳನ್ನು ಸಾಮಾನ್ಯವಾಗಿ 5 ದಿನದೊಳಗೆ ಕೊಡಬೇಕು. ಜಿಲ್ಲಾಧಿಕಾರಿಯ ಆದೇಶಕ್ಕೆ ರಾಜ್ಯ ಸರ್ಕಾರ 12 ದಿನದಲ್ಲಿ ಒಪ್ಪಿಗೆ ಕೊಡಬೇಕು, ಆಮೇಲೆ 7 ದಿನದಲ್ಲಿ ಕೇಂದ್ರಕ್ಕೆ ವರದಿ ಹೋಗಬೇಕು. 3 ವಾರದಲ್ಲಿ ವಿಷಯ, ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ಪರಿಶೀಲಿಸುವ ಸಲಹಾ ಮಂಡಳಿಯ ಮುಂದೆ ಬರಬೇಕು. ಇದರಲ್ಲಿ ಒಂದು ಕೊಂಡಿ ಕಳಚಿದರೂ ಮನುಷ್ಯ ಹೊರಗೆ ಬರಬಹುದು.

ಜೈಲಿನಿಂದ ಮನವಿ ಪತ್ರ ಅಂದೇ ಹೊರಡಲಿ. ಆದೇಶ ಮಾಡಿದ ಅಧಿಕಾರಿಗೆ, ರಾಜ್ಯಕ್ಕೆ, ಕೇಂದ್ರಕ್ಕೆ ಬೇರೆ ಬೇರೆಯಾಗಿ ಕಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ. ಮನವಿ ಯಾವ ಮೇಜಿನ ಮೇಲೆ ಎಷ್ಟು ದಿನ ಕೂತಿತ್ತು ಎಂಬ ಪ್ರಶ್ನೆಗೆ ಸರ್ಕಾರಿ ವಕೀಲರ ಬಳಿ ಉತ್ತರ ಇಲ್ಲದೆ ಬಿದ್ದುಹೋದ ಆದೇಶಗಳು ಬಹಳ.

2. ಕಡತವನ್ನು ಪುಟಪುಟವಾಗಿ ಓದಿ

ಬಂಧಿತನಿಗೆ ಕೊಡುವ ಕಟ್ಟು ದಪ್ಪಗಿರುತ್ತದೆ. ಎಫ್‌ಐಆರ್, ಪಂಚನಾಮೆ, ರೌಡಿ ಹಾಳೆ, ಹಳೆಯ ಜಾಮೀನು ಆದೇಶಗಳು. ಅರ್ಧ ಪುಟಗಳು ಜೆರಾಕ್ಸಿನ ಜೆರಾಕ್ಸ್ ಆಗಿ ಕಪ್ಪು ಮಸಿಯಾಗಿರುತ್ತವೆ. ಓದಲಾಗದ ಪುಟವನ್ನು ಕೊಟ್ಟರೂ ಕೊಡದ ಹಾಗೆಯೇ. ಅಂಥ ಪುಟಗಳ ಸಂಖ್ಯೆಯನ್ನು ಪಟ್ಟಿ ಮಾಡಿ ಅರ್ಜಿಗೆ ಲಗತ್ತಿಸಿ.

ಆಮೇಲೆ ಇನ್‌ಸ್ಪೆಕ್ಟರ್ ಕಳಿಸಿದ ಪ್ರಸ್ತಾವನೆಯನ್ನೂ ಅಧಿಕಾರಿಯ ಆದೇಶವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಠಾಣೆಯ ವರದಿಯಲ್ಲಿ ಒಂದು ಊರಿನ ಹೆಸರು ತಪ್ಪು ಕಾಗುಣಿತದಲ್ಲಿದ್ದರೆ ಆದೇಶದಲ್ಲೂ ಅದೇ ತಪ್ಪು ಅದೇ ಸಾಲಿನಲ್ಲಿ ಕಾಣುತ್ತದೆ. ಆ ಅಧಿಕಾರಿ ಓದಿಲ್ಲ, ಯೋಚಿಸಿಲ್ಲ, ಸಹಿ ಮಾಡಿದ್ದಾರೆ. 1985ರಲ್ಲಿ ಜೈ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ಕಡತದ ಇಂಥ ನಕಲನ್ನು ನೋಡಿಯೇ ಬಂಧನವನ್ನು ರದ್ದು ಮಾಡಿತು. ಇದನ್ನು 'ತಾಂತ್ರಿಕ ದೋಷ' ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ವಿಚಾರಣೆಯೇ ಇಲ್ಲದೆ ಒಬ್ಬನನ್ನು ವರ್ಷಗಟ್ಟಲೆ ಕೂಡಿಹಾಕುವ ಅಧಿಕಾರ ಕೊಟ್ಟ ಮೇಲೆ, ಯೋಚಿಸಿ ಸಹಿ ಮಾಡಿ ಎಂದು ಕೇಳುವುದು ಕನಿಷ್ಠ ಬೇಡಿಕೆ.

3. ಅವನಿಗೆ ಯಾವ ಭಾಷೆ ಓದಲು ಬರುತ್ತದೆ?

ಇಂಗ್ಲಿಷ್ ಬಾರದವನಿಗೆ ಇಂಗ್ಲಿಷಿನಲ್ಲಿ ಕಾರಣ ಕೊಟ್ಟರೆ ಸಾಲದು ಎಂದು ಹರಿಕಿಸನ್ ಪ್ರಕರಣದಲ್ಲಿ ಸಂವಿಧಾನ ಪೀಠ 1962ರಲ್ಲೇ ಹೇಳಿದೆ. ಪೊಲೀಸರು ಬಾಯಿಮಾತಿನಲ್ಲಿ ವಿವರಿಸಿದರೂ ಸಾಲದು. ನಮ್ಮ ರಾಜ್ಯದಲ್ಲಿ ಇದು ಎರಡು ಕಡೆಯಿಂದಲೂ ಬರುತ್ತದೆ: ಕನ್ನಡ ಮಾತ್ರ ಬಲ್ಲವನಿಗೆ ಇಂಗ್ಲಿಷ್ ಕಟ್ಟು, ಉರ್ದು ಅಥವಾ ತಮಿಳು ಓದುವವನಿಗೆ ಕನ್ನಡದ ಕಟ್ಟು. ಕೊನೆಯ ಪುಟದಲ್ಲಿ "ಓದಿ ಹೇಳಲಾಗಿದೆ, ಅರ್ಥವಾಗಿದೆ" ಎಂಬ ಷರಾ, ಅದರ ಕೆಳಗೆ ಹೆಬ್ಬೆಟ್ಟು.

4. ಯುದ್ಧ ಎಂದಾಕ್ಷಣ ಬೆದರಬೇಡಿ

1962ರಲ್ಲಿ ಚೀನಾ ಯುದ್ಧಕ್ಕಾಗಿ ಘೋಷಿಸಿದ ತುರ್ತುಸ್ಥಿತಿ 1968ರ ಜನವರಿವರೆಗೂ ಮುಂದುವರಿಯಿತು. ಚೀನೀ ಮೂಲದ ಸುಮಾರು 3,000 ಜನರನ್ನು, ಮಕ್ಕಳು ಮುದುಕರೆನ್ನದೆ, ಅಸ್ಸಾಂ ಮತ್ತು ಬಂಗಾಳದ ಕಡೆಯಿಂದ ರಾಜಸ್ಥಾನದ ದೇವಳಿ ಶಿಬಿರಕ್ಕೆ ಸಾಗಿಸಿದರು. ಕೆಲವರು ವರ್ಷಗಟ್ಟಲೆ ಅಲ್ಲೇ ಉಳಿದರು.

ಅದೇ ತುರ್ತುಸ್ಥಿತಿಯಲ್ಲಿ ಭಾರತ ರಕ್ಷಣಾ ನಿಯಮಗಳಡಿ ರಾಮಮನೋಹರ ಲೋಹಿಯಾರನ್ನು ಪಟ್ನಾದಲ್ಲಿ ಬಂಧಿಸಿದರು. ನಿಯಮ ಹೇಳುತ್ತಿದ್ದದ್ದು 'ಸಾರ್ವಜನಿಕ ಸುವ್ಯವಸ್ಥೆ'. ಜಿಲ್ಲಾ ಮ್ಯಾಜಿಸ್ಟ್ರೇಟರು ಬರೆದದ್ದು 'ಕಾನೂನು ಮತ್ತು ಸುವ್ಯವಸ್ಥೆ'. ನ್ಯಾಯಮೂರ್ತಿ ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳನ್ನು ಕಲ್ಪಿಸಿಕೊಳ್ಳಿ ಎಂದರು: ಹೊರಗಿನದು ಕಾನೂನು ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ನಡುವಿನ ಪುಟ್ಟದು ರಾಜ್ಯದ ಭದ್ರತೆ. ಹೊರವೃತ್ತದ ಗಲಾಟೆಗೆ ಒಳವೃತ್ತದ ಅಧಿಕಾರ ಬಳಸುವಂತಿಲ್ಲ. ಲೋಹಿಯಾ ಬಿಡುಗಡೆಯಾದರು. ಆ ತೀರ್ಪಿನ ತಾರೀಖು 1965ರ ಸೆಪ್ಟೆಂಬರ್ 7; ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದ ವಾರ. ದೇಶಕ್ಕೆ ಅದರಿಂದ ಯಾವ ಕೇಡೂ ಆಗಲಿಲ್ಲ. ನಮ್ಮ ರಾಜ್ಯದ ಗೂಂಡಾ ಕಾಯ್ದೆಯಡಿಯ ಮುನ್ನೆಚ್ಚರಿಕೆ ಬಂಧನದ ಕೇಸುಗಳಲ್ಲಿ ಇವತ್ತಿಗೂ ನಾನು ಮೊದಲು ತೆರೆಯುವ ತೀರ್ಪು ಇದೇ.

5. ಬೆಂಗಳೂರಿನ 1975 ನೆನಪಿರಲಿ

1975ರಲ್ಲಿ ಮತ್ತೆ ತುರ್ತುಸ್ಥಿತಿ ಘೋಷಣೆಯಾದಾಗ, ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ, ಶ್ಯಾಮನಂದನ ಮಿಶ್ರಾ ಇಲ್ಲೇ ಬಂಧಿತರಾದರು. ಅವರ ಅರ್ಜಿಗಳು ನಮ್ಮ ಹೈಕೋರ್ಟಿನಲ್ಲೇ ನಡೆದವು. ಅರ್ಜಿ ಕೇಳುವ ಅಧಿಕಾರ ತನಗಿದೆ ಎಂದ ಒಂಬತ್ತು ಹೈಕೋರ್ಟುಗಳಲ್ಲಿ ಕರ್ನಾಟಕವೂ ಒಂದು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ ಜಬಲ್ಪುರ ಪ್ರಕರಣದಲ್ಲಿ ಆ ಬಾಗಿಲನ್ನು ಮುಚ್ಚಿತು. ಒಪ್ಪದೆ ಬೇರೆ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಮರುವರ್ಷ ಅವರನ್ನು ಬಿಟ್ಟು ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಇಲ್ಲಿನ ನ್ಯಾಯಮೂರ್ತಿಗಳಾದ ಡಿ.ಎಂ. ಚಂದ್ರಶೇಖರ್ ಅಲಹಾಬಾದಿಗೆ, ಸದಾನಂದಸ್ವಾಮಿ ಗುವಾಹಟಿಗೆ ವರ್ಗವಾದರು. ಆಂತರಿಕ ಭದ್ರತಾ ನಿರ್ವಹಣಾ ಕಾಯ್ದೆಯಡಿ (ಮೀಸಾ) ಬೆಂಗಳೂರು ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿ, ಅಸ್ತಮಾ ಉಲ್ಬಣಿಸಿ, ಬಿಡುಗಡೆಯಾದ ಸ್ವಲ್ಪ ದಿನಕ್ಕೇ 1977ರ ಜನವರಿಯಲ್ಲಿ ತೀರಿಕೊಂಡರು.

ಜಬಲ್ಪುರದ ತೀರ್ಪು ಅಧಿಕೃತವಾಗಿ ಅಳಿದದ್ದು 2017ರಲ್ಲಿ, ಅದೂ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ನಡುವೆ 41 ವರ್ಷ. ಕೆಟ್ಟ ತೀರ್ಪಿನ ವಿರುದ್ಧ ವಾದ ಮಾಡುವುದು ವ್ಯರ್ಥ ಎಂದು ಯಾರಾದರೂ ಹೇಳಿದರೆ ಖನ್ನಾ ಅವರ ತೀರ್ಪನ್ನು ಓದಲು ಕೊಡಿ.

6. ಸಲಹಾ ಮಂಡಳಿಗೆ ಕಕ್ಷಿದಾರನನ್ನು ಸಿದ್ಧ ಮಾಡಿ

ಅಲ್ಲಿ ವಕೀಲರಿಗೆ ಪ್ರವೇಶದ ಹಕ್ಕಿಲ್ಲ. ಆದರೆ ಎ.ಕೆ. ರಾಯ್ ಪ್ರಕರಣದ ಪ್ರಕಾರ ಸ್ನೇಹಿತನೊಬ್ಬನ ನೆರವು ಪಡೆಯಬಹುದು. ಸರ್ಕಾರ ಕಾನೂನು ಸಲಹೆಗಾರರನ್ನು ಕರೆತಂದರೆ ಇವನಿಗೂ ಆ ಅವಕಾಶ ಕೊಡಬೇಕು. ಇದನ್ನು ಬಂಧಿತನಿಗೆ ಬರೆದುಕೊಟ್ಟು ಬನ್ನಿ, ಬಾಯಲ್ಲಿ ಹೇಳಿದ್ದು ಗಾಬರಿಯಲ್ಲಿ ಮರೆತುಹೋಗುತ್ತದೆ.

7. ಸಂಸತ್ತು ಮಾಡಿದ್ದನ್ನು ಜಾರಿಗೆ ತನ್ನಿ ಎಂದು ಕೇಳಿ

ದೇಶದ ಭದ್ರತೆಯ ಆತಂಕ ಸುಳ್ಳಲ್ಲ. ಬಾಂಬುಗಳು ಸಿಡಿದಿವೆ, ಜನ ಸತ್ತಿದ್ದಾರೆ. ಆದರೆ ತುರ್ತುಸ್ಥಿತಿಯ ನೋವು ಕಂಡ ಸಂಸತ್ತೇ 44ನೇ ತಿದ್ದುಪಡಿಯಲ್ಲಿ ಮಂಡಳಿಯ ಅಭಿಪ್ರಾಯವಿಲ್ಲದೆ ಕೂಡಿಡುವ ಅವಧಿಯನ್ನು 3 ತಿಂಗಳಿಂದ 2 ತಿಂಗಳಿಗೆ ಇಳಿಸಿತು. ಮಂಡಳಿಯ ಸದಸ್ಯರನ್ನು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳ ಶಿಫಾರಸಿನಂತೆ ನೇಮಿಸಬೇಕು ಎಂದಿತು. ಅದು 1978ರ ಮಾತು. ತಿದ್ದುಪಡಿಯ ಆ ಒಂದು ಭಾಗವನ್ನು ಜಾರಿಗೆ ತರುವ ಅಧಿಸೂಚನೆಯನ್ನು ಯಾವ ಪಕ್ಷದ ಸರ್ಕಾರವೂ ಇನ್ನೂ ಹೊರಡಿಸಿಲ್ಲ. ನಿಮ್ಮ ಸಂಸದರು ಮುಂದಿನ ಸಲ ಎದುರಾದಾಗ ದಯವಿಟ್ಟು ಈ ಅಧಿಸೂಚನೆಯ ಬಗ್ಗೆ ಕೇಳಿ.